ಹೂಜಿ ಹಿಡಿದವನು

ಆ ಗುರುವಾರ ನನಗೆ ಹನ್ನೊಂದು ವರ್ಷ.
ಐವತ್ತು ದಿನ ದಾಟಿದ ಉಪವಾಸಕ್ಕೆ
ಗೊಜ್ಜಾಮಿನ ಗುಡ್ಡಗಳೂ ಬಡಕಲಾಗಿದ್ದವು.
ಅಬ್ಬಾ ಮೆಲಕು ಹೇಳಿದರು:
"ಗೆಬೆಯೆಹು, ಹೂಜಿ ನೀನು ಹಿಡಿ. ಚೆಲ್ಲಬೇಡ,
ಹೊಳೆ ದೂರ."

ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಒಡೆಯ
ಆಳಿನ ಹಾಗೆ ಸೊಂಟಕ್ಕೆ ಬಟ್ಟೆ ಸುತ್ತಿ
ಶಿಷ್ಯರ ಕಾಲು ತೊಳೆದನಲ್ಲ,
ಅದನ್ನು ನಮ್ಮೂರಲ್ಲಿ ವರ್ಷಕ್ಕೊಮ್ಮೆ ಮಾಡುತ್ತಾರೆ.
ದ್ರಾಕ್ಷಿಯೆಲೆ, ಆಲಿವ್ ಎಲೆ, ತಣ್ಣೀರು.
ಸಾಲಾಗಿ ಕೂತವರೆಲ್ಲ
ಮನೆಯಲ್ಲೇ ಕಾಲು ತೊಳೆದುಕೊಂಡು ಬಂದವರು.
ತೊಳೆದದ್ದನ್ನೇ ತೊಳೆಯುವುದು ಎಷ್ಟು ಹೊತ್ತಿನ ಕೆಲಸ?
ಊರ ಹಿರಿಯನ ಹಿಮ್ಮಡಿಗೆ, ಉಪವಾಸದಲ್ಲೂ,
ಬೆಣ್ಣೆಯ ವಾಸನೆ.

ಸಾಲು ಮುಗಿಯಿತೆಂದುಕೊಂಡೆ.
ಬಾಗಿಲ ಹೊರಗೆ, ಜುನಿಪರ್ ಮರದ ಬೇರಿನ ಮೇಲೆ
ಎಶಿಮಬೇತ್ ಕೂತಿದ್ದಳು, ಕುಂಬಾರ್ತಿ,
ಬಿಳಿ ಹೊದಿಕೆಯನ್ನು ಕಾಲ ಮೇಲೆ ಇಳಿಬಿಟ್ಟು
ಕೂಸನ್ನು ಮುಚ್ಚುವವಳ ಹಾಗೆ.

ಆ ಕಾಲುಗಳ ಸಂಗತಿ ಊರಿಗೆಲ್ಲ ಗೊತ್ತು.
ಕೆಂಪು ಮಣ್ಣನ್ನು ಬರಿಗಾಲಲ್ಲಿ ತುಳಿದು ತುಳಿದು
ಮಣ್ಣೇ ಚರ್ಮದೊಳಗೆ ಹೊಕ್ಕು
ಊದಿ, ಬಿರಿದು, ಪಾಚಿಗಟ್ಟಿದ ಬಂಡೆಯಂಥವು.
ಶಾಪ ಅಂದರು ಕೆಲವರು. ಅಂಟುತ್ತದೆ ಅಂದರು ಎಲ್ಲರೂ.
ಅವಳ ಗಡಿಗೆಗಳನ್ನು ಮಾತ್ರ
ನಡುವೆ ಒಬ್ಬ ವ್ಯಾಪಾರಿಯನ್ನಿಟ್ಟು ಕೊಳ್ಳುತ್ತಿದ್ದರು;
ಕೈ ಬದಲಾದರೆ ಶಾಪ ಕಳೆಯುತ್ತದೇನೋ.

ಅಬ್ಬಾ ಹೊಸಿಲು ದಾಟಿದರು. ನಾನೂ ದಾಟಬೇಕಾಯಿತು.
ಮಂಡಿಯೂರಿದರು. ಹೊದಿಕೆ ಸರಿಸಿದರು.
ವಾಸನೆ ನನಗೆ ಮೊದಲು ತಾಗಿತು,
ಮುಖ ತಿರುಗಿಸಿದೆ. ಇದನ್ನು ಬರೆಯದೆ ಬಿಡಬಹುದಿತ್ತು.
ಅವರೂ ಒಂದು ಕ್ಷಣ ತಡೆದರು. ನಾನು ನೋಡಿದೆ.
ಸಂತರ ಕಥೆಗಳಲ್ಲಿ ಈ ತಡೆ ಇರುವುದಿಲ್ಲ.

"ಬೇಡ ಅಬ್ಬಾ," ಅಂದಳು, ಕಾಲು ಎಳೆದುಕೊಂಡು,
"ನನ್ನ ಕಾಲು ನೀವು ಮುಟ್ಟಕೂಡದು."
ಪೇತ್ರನೂ ಅಂದು ಅಂದದ್ದು ಇದನ್ನೇ;
ಅವಳಿಗೆ ಓದು ಬಾರದು.
ಅಬ್ಬಾಗೆ ಬರುತ್ತಿತ್ತು, ಮುಂದಿನ ಮಾತೂ ಬಾಯಿಪಾಠ.
ಹೇಳಲಿಲ್ಲ.
"ನೀರು ಹಾಕು ಮಗು," ಅಂದರು.

ಹಾಕಿದೆ.
ಬಿರುಕು ಬಿರುಕಿಗೂ ಬೆರಳು ಹೋಯಿತು.
ನೀರು ಕೆಂಪಾಯಿತು. ಮಣ್ಣೋ ರಕ್ತವೋ
ಇವತ್ತಿಗೂ ಹೇಳಲಾರೆ.
ಹೂಜಿ ಬರಿದಾದಾಗ
ಯಾರೂ ಹೇಳದೆ ಹೊಳೆಗೆ ಓಡಿದೆ, ಎರಡು ಸಲ.
ಒಳಗೆ ಜನ ಬೇಯಿಸಿದ ಕಾಳಿಗೆ ಕಾದು
ಕೆಮ್ಮುತ್ತಿದ್ದರು.

ಇಲ್ಲಿಗೇ ನಿಂತಿದ್ದರೆ ಹಬ್ಬದ ಕಥೆ.
ಅಬ್ಬಾ ಮುಂದಿನ ಗುರುವಾರವೂ ಹೋದರು,
ಅದರ ಮುಂದಿನದಕ್ಕೂ, ಕೈಯಲ್ಲಿ ಸಾಬೂನು.
ಊರು ಅವರ ಕೈಯ ಶಿಲುಬೆಗೆ ಮುತ್ತಿಡುವುದನ್ನು ಬಿಟ್ಟಿತು.
ಕೂಸಿನ ದೀಕ್ಷಾಸ್ನಾನಕ್ಕೆ
ಆಚೆ ಗುಡ್ಡದ ಪಾದ್ರಿಯನ್ನು ಕರೆತಂದರು.
ಇಂಜೆರಾ ಕಳಿಸುತ್ತಿದ್ದ ಮನೆಗಳು ಒಂದೊಂದಾಗಿ ಮರೆತವು.
ತಿಂಗಳು ಕಳೆದಂತೆ
ಅವಳ ಕಾಲಿನ ಬಾವು ಇಳಿಯಿತು,
ಅಬ್ಬಾರ ಕೆನ್ನೆಯೂ ಇಳಿಯಿತು.
ದೂರಲಿಲ್ಲ. ಒಮ್ಮೆ ಮಾತ್ರ, ದಾರಿಯಲ್ಲಿ ಕೂತು,
"ಹಸಿವಾಗುತ್ತದೆ ಗೆಬೆಯೆಹು," ಅಂದು ನಕ್ಕರು.

ದೇವರ ಕರುಣೆಯೆಂದರೇನು ಅಂತ
ದೇವಶಾಸ್ತ್ರದ ಶಾಲೆಯಲ್ಲಿ ದಪ್ಪ ಪುಸ್ತಕ ಓದಿಸಿದರು.
ಅದರ ತುಂಬ ಕರುಣೆ ಆಕಾಶದಿಂದ ಇಳಿಯುತ್ತಿತ್ತು.
ನಾನು ಕಂಡದ್ದು ಮಂಡಿಯೆತ್ತರದ್ದು,
ಒದ್ದೆ, ಬೆನ್ನು ನೋವಿನದ್ದು.

ಅಬ್ಬಾರನ್ನು ಮಣ್ಣು ಮಾಡಿದ ದಿನ
ಅವಳು ಷೂ ಹಾಕಿಕೊಂಡು ಬಂದಳು.
ಜನ ದಾರಿ ಬಿಟ್ಟರು, ಅಂಜಿಕೆಗೋ ನಾಚಿಕೆಗೋ.
ಗುಂಡಿಯ ಅಂಚಿನಲ್ಲಿ ಷೂ ಕಳಚಿಟ್ಟು
ಅದೇ ಕೆಂಪು ಮಣ್ಣಿನ ಮೇಲೆ
ಬರಿಗಾಲಲ್ಲಿ ನಿಂತಳು.

ಹೂಜಿ ನನ್ನ ಹತ್ತಿರವಿದೆ. ಬಾಯಿ ಸೀಳಿದೆ.
ಹಿಡಿಯ ಕೆಳಗೆ, ಸುಡುವ ಮುಂಚೆ ಒತ್ತಿದ
ಹೆಬ್ಬೆರಳ ಗುರುತು, ಎಶಿಮಬೇತಳದು.
ಅವಳ ಕಾಲಿಗೆ ನಾನು ನೀರು ಹೊಯ್ದದ್ದು
ಅವಳದೇ ಹೂಜಿಯಿಂದ.
ಅವಳದನ್ನು ಹೇಳಿದ್ದು ಎಷ್ಟೋ ವರ್ಷದ ಮೇಲೆ,
"ಸೋರುತ್ತಿತ್ತೇನು?" ಅಂತ ಕೇಳಿ.

ನಾಳೆ ಗುರುವಾರ. ಈಗ ಅಬ್ಬಾ ಅಂದರೆ ನಾನು;
ಮೊಣಕಾಲು ಮೊದಲಿನಂತೆ ಮಡಚುವುದಿಲ್ಲ.
ಹೂಜಿ ಹಿಡಿಯಲು
ಒಬ್ಬ ಹುಡುಗ ಬೇಕು.