ಎಡಗಣ್ಣಿನ ಗಾಜು

ಗುಣಾಜಿ ಮಾಮನ ತಂಪು ಕನ್ನಡಕ
ಮಡಗಾಂವ ಪೇಟೆಯಲ್ಲಿ ಇನ್ನೂರೈವತ್ತಕ್ಕೆ ಕೊಂಡದ್ದು.
ದೋಣಿಯ ಹಲಗೆಗೆ ಬಿದ್ದು ಎಡಗಾಜು ಕಳಚಿತು.
ದುಂಡು ಗಾಜು; ಬೈತಖೋಲದ ಗಡಿಯಾರ ರಿಪೇರಿಯವನಿಗೆ
ಅದರ ಮೇಲು ಯಾವುದು, ಮಗ್ಗುಲು ಯಾವುದು?
ಕಾಲು ಸುತ್ತು ತಿರುಗಿಸಿ ಕೂರಿಸಿಬಿಟ್ಟ.
ಅಂದಿನಿಂದ ಮಾಮನಿಗೆ
ಬಲಗಣ್ಣಲ್ಲಿ ಮೀನು,
ಎಡಗಣ್ಣಲ್ಲಿ ಬರೀ ಬಿಸಿಲು.

ನಾನು ರಜೆಗೆ ಬಂದವಳು.
ಮೂರು ಚಳಿಗಾಲ, ಮೋಡವೂ ಹತ್ತದ ಎತ್ತರದ ಮರುಭೂಮಿಯಲ್ಲಿ
ಇಂಥದೇ ಕನ್ನಡಕ ತೊಟ್ಟ ದೂರದರ್ಶಕದ ಪಕ್ಕ ಕೂತು
ಆಕಾಶದ ಎಲ್ಲಕ್ಕಿಂತ ಹಳೆಯ ಬೆಳಕು
ಯಾವ ಕಡೆ ವಾಲಿದೆ ಎಂದು ಅಳೆದವಳು.

ಏನು ನಿನ್ನ ಕೆಲಸ, ಒಂದೇ ಮಾತಲ್ಲಿ ಹೇಳು, ಅಂದ.
ಧ್ರುವೀಕರಣ, ಅಂದೆ.
ಗೊತ್ತು ಬಿಡು, ಪೇಪರಿನಲ್ಲಿ ಬರುತ್ತದೆ. ಮತಗಳದ್ದಲ್ಲವಾ?
ಎಲೆಕ್ಷನ್ ಹತ್ತಿರ ಬಂತೋ?

ನಕ್ಕೆ. ಆಮೇಲೆ ಅನ್ನಿಸಿತು, ಮಾಮ ಪೂರ್ತಿ ತಪ್ಪಲ್ಲ:
ಎಲ್ಲ ದಿಕ್ಕಿಗೂ ಸಮನಾಗಿ ತುಯ್ಯಬೇಕಾದದ್ದು
ಒಂದೇ ಕಡೆಗೆ ತುಸು ಹೆಚ್ಚು ಒಲಿಯುವುದು.
ಎಣಿಸುವವರ ನಿದ್ದೆ ಕೆಡುವುದು.

ದೀಪಸ್ತಂಭದ ನಡುಗಡ್ಡೆ ದಾಟಿ ಎಂಜಿನ್ ನಿಲ್ಲಿಸಿದ.
ಹೇಳಿದೆ: ಶುರುವಿಗೆ ಎಲ್ಲ ಮಂಜು, ಮಾಮ,
ಡಿಸೆಂಬರ್ ಬೆಳಗಿನ ಕಾಳಿ ಅಳಿವೆಯ ಹಾಗೆ,
ಬೆಳಕು ಎರಡು ಹೆಜ್ಜೆ ಇಡುವುದರಲ್ಲಿ ಡಿಕ್ಕಿ.
ಒಮ್ಮೆ ತಿಳಿಯಾಯಿತು.
ಆಗ ಕೊನೆಯ ಸಲ ತಾಗಿ ಚಿಮ್ಮಿದ್ದು
ತಾಗಿದ ಪರಿಯನ್ನು ಮೈಯಲ್ಲೇ ಹೊತ್ತು
ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷ ನಡೆದಿದೆ,
ನೀರಿಗೆ ತಾಗಿದ ಬಿಸಿಲು ಒರಗಿಕೊಂಡೇ ಏಳುತ್ತದಲ್ಲ, ಹಾಗೆ.

ಎಷ್ಟು ಒರಗಿದೆ?
ನಾವು ಹುಡುಕುವುದು ಒಂದು ಡಿಗ್ರಿಯ ಕೋಟಿಯಲ್ಲೊಂದು ಪಾಲು.
ಬೀಡಿ ಹಚ್ಚಲು ಹೋದವನು ನಿಲ್ಲಿಸಿದ.
ಸಿಕ್ಕಿತಾ?

ಸಿಕ್ಕಿತ್ತು. ಸುಳಿ ಸುಳಿ, ಹಾಯಿ ತಿರುಚಿದ ಹಾಗೆ.
ಆ ರಾತ್ರಿ ಡಬ್ಬಿಯ ಕೊನೆಯ ಲಾಡು ಒಡೆದು ಒಂಬತ್ತು ಜನ ತಿಂದೆವು.
ಮಳೆಗಾಲ ಮುಗಿಯುವಷ್ಟರಲ್ಲಿ ಗೊತ್ತಾಯಿತು,
ಅದು ಧೂಳು.
ನಮ್ಮದೇ ನಕ್ಷತ್ರಪುಂಜದ ಧೂಳು, ನಮ್ಮ ಅಂಗಳದ್ದು.

ಧೂಳು ಅಂದದ್ದೇ ಮಾಮ ಬಂದರಿನ ಕಡೆ ತಿರುಗಿದ.
ಅದಿರಿನ ಲಾರಿಗಳು ಸಾಲುಗಟ್ಟಿದ್ದ ವರ್ಷಗಳು.
ಸುಮತಿ ಮಾಮಿ ಒಣಹಾಕಿದ ತೋರಿ ಮೀನು ಕೆಂಪು,
ಹಗ್ಗದ ಮೇಲಿನ ನನ್ನ ಶಾಲೆಯ ಲಂಗ ಕೆಂಪು,
ಅರ್ಧ ಬೆಲೆಗೂ ಕೊಳ್ಳದೆ ಮುಖ ತಿರುಗಿಸಿದ ಸಂತೆ.
ಮಾಮಿ ಬೈದದ್ದನ್ನು ಇಲ್ಲಿ ಬರೆಯಲಾರೆ.
ಆದರೆ ತೆಂಗಿನ ಕಾಂಡದ ಯಾವ ಮಗ್ಗುಲು ಕೆಂಪೋ
ಗಾಳಿ ಆ ದಿಕ್ಕಿನದು, ಅಂತ
ಅದೇ ಬಾಯಲ್ಲಿ ಹೇಳುತ್ತಿದ್ದಳು.

ನಮ್ಮ ಧೂಳೂ ಹಾಗೇ ಸಾಲು ಹಿಡಿದು ನಿಂತಿತ್ತು
ಯಾವುದೋ ಕಾಣದ ಸೆಳೆತಕ್ಕೆ. ನಾನು ಅದನ್ನು
ಕಳೆಯುವ ಲೆಕ್ಕದಲ್ಲೇ ಮೂರು ವರ್ಷ ಕಳೆದಿದ್ದೆ.

ಗಾಜು ಸರಿ ಮಾಡಿಸಿಕೊಡಲೇ, ಕೇಳಿದೆ.
ಬೇಡ.
ಮೀನು ಕಂಡರಾಯಿತಾ? ಹೊಳಪು ಕಾಣದೆ
ನೀರ ಮೇಲೆ ಗಾಳಿ ಎತ್ತ ಹೊರಳಿತೆಂದು ಹೇಗೆ ತಿಳಿಯಬೇಕು?
ಹಾಕಿಕೋ. ಬಲ, ಎಡ, ಬಲ.

ಬಲ: ನೀರೊಳಗೆ ಬಂಗಡೆಯ ನೀಲಿ ಕಪ್ಪು ಹಿಂಡು.
ಎಡ: ಕುದಿಯುವ ತವರ.
ಬಲ. ಎಡ. ಒಂದರಿಂದ ಒಂದನ್ನು ಕಳೆಯುತ್ತ
ಬೆರಳು ಮಡಚಿದೆ, ಅಭ್ಯಾಸಬಲ.

ತಲೆ ನೆಟ್ಟಗಿಡು ಹುಡುಗಿ, ಬಲೆ ಬಿಚ್ಚುತ್ತ ಕೂಗಿದ,
ಅರ್ಧ ವಾಲಿಸಿದೆಯೋ
ಎರಡೂ ಕಣ್ಣು ಒಂದೇ ಮಾತಾಡುತ್ತವೆ.
ಆಗ ಮಾತ್ರ ನಂಬಬೇಡ.