ಹಸಿರು ಮೊದಲು

ಗಂಜಿನ ಹಮಾಲರು ನಾಲ್ಕು ಮಂದಿ,
ಹತ್ತಿ ಅಂಡಿಗೆ ಹೊತ್ತು ಕಾಯಿಗಟ್ಟಿದ ಹೆಗಲು,
ಮಿಲ್ಲಿನ ಶರಭಣ್ಣನ ಮಾಳಿಗೆಗೆ
ಮೂರು ಕಣ್ಣಿನ ಪೆಟ್ಟಿಗೆ ಏರಿಸಿದರು.
"ಟೀವಿ ಏನ್ರೀ ಇದು, ಬೀಸೋ ಕಲ್ಲಾ?"
ಅಪ್ಪ ಉತ್ತರ ಕೊಡಲಿಲ್ಲ. ಟೇಪು ಬಿಚ್ಚಿ
ಪರದೆಯ ಅಗಲ ಅಳೆದ, ಅದರರ್ಧ ಅದಕ್ಕ ಕೂಡಿಸಿದ,
ನೆಲಕ್ಕ ಸೀಮೆಸುಣ್ಣದ ಗೆರೆ ಎಳೆದ.
"ಇಲ್ಲಿ. ಒಂದು ಬೆರಳು ಆಕಡೆ ಈಕಡೆ ಆಗಬಾರದು."

ಆಮ್ಯಾಲ ಕಾಯೋದು.
ಮುಕ್ಕಾಲು ತಾಸು ಬಿಸಿ ಏರದ ಮುಟ್ಟಿದರ
ತಣ್ಣಗ ಕೂಡಿಸಿದ ಗೆರೆ ಸುಡುವಾಗ ಸರೀತಾವ.
ಯಂತ್ರ ಕಾಯ್ತಿತ್ತು, ನಾವೂ ಕಾಯ್ತಿದ್ವಿ,
ರಾಯಚೂರಿನ ಮೇ ತಿಂಗಳು,
ಒಂದೇ ಮಾತು, ಎರಡು ಬೆವರು.

ಕೆಂಪಿನ ಬಾಯಿಗೆ, ನೀಲಿಯ ಬಾಯಿಗೆ ರಟ್ಟು ಮುಚ್ಚಿ
ಹಸಿರು ಮೊದಲು.
ಕತ್ತಲ ಗ್ವಾಡಿ ಮ್ಯಾಲ ಹಸಿರು ಗೆರೆಗಳ ಬಲೆ,
ಒಂದು ಮೂಲಿ ಜೋತು, ಒಂದು ಮೂಲಿ ಉಬ್ಬಿ.
ಅಪ್ಪ ಪೆಟ್ಟಿಗೆಯ ಹಿಂದ, ಸ್ಕ್ರೂಡ್ರೈವರ್ ಹಿಡಕೊಂಡು,
ನಾನು ಪರದೆ ಮುಂದ, ಮೂಗು ತಾಗೋವಷ್ಟು ಹತ್ರ.
ಒಳಗ ಮೂವತ್ತು ಸಾವಿರ ವೋಲ್ಟು.
ಅದಕ್ಕ ಅವನ ಎಡಗೈ ಯಾವತ್ತೂ ಕಿಸೆದಾಗ.
ಮಂದಿ ಅದನ್ನ ಸೊಕ್ಕು ಅಂದುಕೊಂಡರು.

"ಕೆಂಪು?"
"ಬಲಕ್ಕ. ಕೂದಲೆಳಿ."
"ಈಗ?"
"ದಾಟಿತು. ವಾಪಸ್."
ಹಸಿರಿನ ಮ್ಯಾಲ ಕೆಂಪು ಸರಿಯಾಗಿ ಮಲಗಿದ ಕೂಡಲೇ
ಗೆರೆ ಹಳದಿ ಆಯ್ತು.
ಸಾಲಿಯ ಬಣ್ಣದ ಡಬ್ಬಿ ನನಗ ಹಂಗ ಕಲಿಸಿರಲಿಲ್ಲ.
ಅಷ್ಟರಾಗ ಕರೆಂಟು ಹೋಯ್ತು.
ಕಿಟಕಿಯಾಚೆ, ದೂರ, ಶಕ್ತಿನಗರದ ಹೊಗಿ
ದೇಶಕ್ಕೆಲ್ಲಾ ಬೆಳಕು ಕಳಿಸ್ತಾ ನಿಂತಿತ್ತು.
ಮತ್ತ ಕಾಯೋದು. ಮೊದಲಿಂದ.

ನೀಲಿಯ ಅಂಚು ಚೂರು ಸಡಿಲ ಬಿಡತಿದ್ದ ಅಪ್ಪ.
ಬಿಗಿ ಮಾಡಿದರ ಬೆಳಕು ಸಾಲಂಗಿಲ್ಲ.
"ಮೂರರಾಗ ಒಂದು ಸಡಿಲ ಇರಬೇಕವಾ, ಮನ್ಯಾಗ ಇದ್ದಂಗ."
ಆವತ್ತು ಸಡಿಲ ಬಿಟ್ಟ, ಆಮ್ಯಾಲ ಏರಿಸಿದ.
"ಬಿಳುಪು ಬಂತಾ?"
ಬಂದಿತ್ತು. ನಾನು ಹೇಳೋದರೊಳಗ
"ಇನ್ನಾ ಹಳದಿ ಅದ" ಅಂತ ತಾನೇ ಗೊಣಗಿ
ಮತ್ತ ಏರಿಸಿದ. ಮತ್ತ.
ಪರದೆ, ನೀಲಿ ಜಾಸ್ತಿ ಬಿದ್ದ ಧೋತ್ರ ಆಯ್ತು.
ಶರಭಣ್ಣ ಚಹಾದ ಬಸಿ ಹಿಡಿದು ಬಾಗಲದಾಗ ನಿಂತಿದ್ದ.
"ಬಂತವಾ?"
"ಬಂತು," ಅಂದೆ.

ಆಮ್ಯಾಲ ಎರಡು ವರ್ಷ, ಇನ್ನೂ ಮೂರು ಮನಿ:
ಲಿಂಗಸುಗೂರಿನ ಡಾಕ್ಟರು, ಮಾನ್ವಿಯ ರೈಸ್‌ಮಿಲ್ಲು,
ಸಿಂಧನೂರಿನ ಒಂದು ಬಂಗಲೆ. ಎಲ್ಲಾ ಕಡೆ
ಅಪ್ಪ ಕೇಳೋನು, ನಾನು ಬಂತು ಅನ್ನೋಳು.
ನೀಲಿ ಮಾರಿಯ ನಾಯಕರು ನೀಲಿ ಅನ್ನ ತಿಂದರು.
ಯಾರೂ ದೂರಲಿಲ್ಲ.
ದೊಡ್ಡದಾಗಿ ಕಂಡರ ಸಾಕಿತ್ತು ಮಂದಿಗೆ.

ಮಿಷನ್ ಆಸ್ಪತ್ರಿಯಾಗ ಪೊರೆ ತೆಗೆದು, ಪಟ್ಟಿ ಬಿಚ್ಚಿದ ದಿನ
ಅವ್ವನ ಸೀರಿ ನೋಡಿ ಕೇಳಿದ: "ಹೊಸಾದಾ?"
ಆರು ವರ್ಷದ್ದು. ಬೂದಿ ಬಣ್ಣ ಅಂದುಕೊಂಡಿದ್ದನಂತ.
ಹೊರಗ ಬಂದು, ಆಟೋ ಹತ್ತದ, ಮ್ಯಾಲ ನೋಡ್ತಾ ನಿಂತ.
ಆಮ್ಯಾಲ ನನ್ನ ಕಡೆ ತಿರುಗಿದ.
"ನಿನಗ ಕಾಣ್ತಿತ್ತಾ?"
ಆಟೋದವನು ಹಾರ್ನ್ ಹೊಡೆದ.

"ನನಗೇನೂ ಗೊತ್ತಾಗಿಲ್ಲೋ ದೇವದಾನಪ್ಪ, ಚಲೋನೇ ಐತಿ,"
ಶರಭಣ್ಣ ಸೋಫಾದಿಂದ ಏಳಲಿಲ್ಲ.
"ರೊಕ್ಕ ಬ್ಯಾಡ್ರೀ," ಅಂದ ಅಪ್ಪ. "ಬಾಗಲಾ ಹಾಕ್ರಿ, ಕತ್ತಲ ಬೇಕು."
ಮುಕ್ಕಾಲು ತಾಸು ಕಾದ್ವಿ, ಮಾತಿಲ್ಲದ.
ಆಮ್ಯಾಲ ಸ್ಕ್ರೂಡ್ರೈವರ್ ನನ್ನ ಕೈಗಿಟ್ಟು
ತಾನು ಹೋಗಿ ಪರದೆ ಮುಂದ ನಿಂತ,
ಮೂಗು ತಾಗೋವಷ್ಟು ಹತ್ರ.

ನನ್ನ ಚೂಡಿದಾರಕ್ಕ ಕಿಸೆ ಇರಲಿಲ್ಲ.
ಎಡಗೈಯನ್ನ ಬೆನ್ನ ಹಿಂದ ಮಡಚಿಟ್ಟು
ಪೆಟ್ಟಿಗೆಯೊಳಗ ಬಲಗೈ ಚಾಚಿದೆ.
"ನೀಲಿ," ಅಂದ ಅಪ್ಪ ಕತ್ತಲದಾಗಿಂದ,
"ಕೆಳಗ. ಇನ್ನಾ ಕೆಳಗ.
ನಾ ಹೇಳೋತನ ಬಿಡಬ್ಯಾಡ."