ಅರ್ಧ ತಿಕೀಟು

ಸೋನಕ್ಕ ಕಲಶೆಟ್ಟಿ ಬಸ್ಸು ಹತ್ತುವುದಿಲ್ಲ,
ಅವಳ ಚಿತ್ರಗಳು ಹತ್ತುತ್ತವೆ.
ಹಳೆ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ
ಎರಡು ರಟ್ಟಿನ ನಡುವೆ ಮಲಗಿಸಿ
ಅಕ್ಕಲಕೋಟ ಸ್ಟ್ಯಾಂಡಿಗೆ, ಏಳೂ ಹತ್ತರ ಗಾಡಿಗೆ
ತಾನೇ ತಂದು ನನ್ನ ಕೈಗೆ ಕೊಡುತ್ತಾಳೆ:
"ಅರ್ಧ ತಿಕೀಟ ಹರಿ ತಮ್ಮಾ. ಒಳಗ ಕೂಸ ಅದಾವ."

ಸಾಮಾನಿಗೆ ಬೇರೆ ಚೀಟಿ ಇದೆ ಅಕ್ಕ, ಎಂದಿದ್ದೆ ಮೊದಲ ಸಲ.
ಸಾಮಾನಲ್ಲ, ಎಂದಳು.
ಆಮೇಲೆ ವಾದ ಮಾಡಲಿಲ್ಲ ನಾನು, ಹತ್ತೊಂಬತ್ತು ವರ್ಷ.

ತಪಾಸಣೆಯವ ಒಮ್ಮೆ ವಳಸಂಗದಲ್ಲಿ ಹತ್ತಿ ಕೇಳಿದ
ಅರ್ಧ ತಿಕೀಟಿನ ಪ್ಯಾಸೆಂಜರ್ ಎಲ್ಲಿ?
ಕಿಟಕಿ ಪಕ್ಕದ ಗಂಟು ತೋರಿಸಿದೆ.
ಬಿಚ್ಚಿದ.
ಒಂದು ಆಡು ಅವನನ್ನೇ ನೋಡುತ್ತಿತ್ತು.
ಮತ್ತೆ ಕಟ್ಟಿಟ್ಟ. ವಹಿಯಲ್ಲಿ ಏನೂ ಬರೆಯಲಿಲ್ಲ.

ಒಂದು ಆಷಾಢ ಎರಡು ವಾರ ಅವಳು ಬರಲಿಲ್ಲ.
ಡ್ಯೂಟಿ ಮುಗಿಸಿ ಮನೆ ಹುಡುಕಿಕೊಂಡು ಹೋದೆ.
ಮಣ್ಣಿನ ಮಾಳಿಗೆ, ಬೆಳಕಿಂಡಿಗೆ ಬೋಗುಣಿ ಮುಚ್ಚಿತ್ತು,
ಬಲ್ಬಿನ ಕೆಳಗೆ ಕೂತು ತೊಗರಿ ಹಸನು ಮಾಡುತ್ತಿದ್ದಳು.
"ಮಾಡ ಹಾಕೈತಿ. ಬೆಳಕ ಇಲ್ಲ."
ಬಲ್ಬು ಇದೆಯಲ್ಲ?
"ಅದು ಹಳದೀನ ತಿಂತೈತಿ.
ರಾತ್ರಿ ಬಾತುಕೋಳಿ ಮಾಡಿದರ
ಮುಂಜಾನೆ ಅದಕ್ಕ ಕಾಮಾಲೆ."

ಅವಳ ಮನೆಯಲ್ಲಿ ಗಡಿಯಾರವಿಲ್ಲ.
ಬಿಸಿಲಿನ ಚೌಕವೊಂದು ಬೆಳಿಗ್ಗೆ
ಪಡುವಣ ಗೋಡೆಯ ಬೀಸುಕಲ್ಲಿನ ಹತ್ತಿರ ಇಳಿಯುತ್ತದೆ,
ಅಲ್ಲಿ ಅವಳ ಮಣೆ, ಮಸಿಕುಡಿಕೆ, ಅಳಿಲ ಬಾಲದ ಕುಂಚ.
ಚೌಕ ಸರಿದಂತೆ ಅವಳೂ ಸರಿಯುತ್ತಾಳೆ,
ಕೂತಲ್ಲಿಂದ ಏಳದೆ, ಗೇಣು ಗೇಣು,
ಮಣೆ ಎಳೆದ ಗೀರು ನೆಲದ ಸಗಣಿಯಲ್ಲಿ.
ಮೂಡಣ ಗೋಡೆ ಹತ್ತಿತೆಂದರೆ
ನಿಬ್ಬು ಒರೆಸಿ ರೊಟ್ಟಿಗೆ ಹಿಟ್ಟು ಮಿದಿಯುತ್ತಾಳೆ.
ಅವತ್ತಿನ ಇಲಿಗೆ ಬಾಲ ಬಂದಿರದಿದ್ದರೆ
ಅದು ನಾಳೆ ಬರುತ್ತದೆ.

ಸಾಖರ ಪೇಠದ ಕೊಂಡಾ ಶೇಠನದು
ಎರಡು ಅಂಕಲಿಪಿ, ಒಂದು ಕನ್ನಡ, ಒಂದು ಮರಾಠಿ.
ಚಿತ್ರ ಮಾತ್ರ ಒಂದೇ ಕಟ್ಟು, ಖರ್ಚು ಉಳಿಯಲೆಂದು.
ಹಾಗಾಗಿ ಸೋನಕ್ಕನ ಆನೆ
ನಮ್ಮ ಆ ಬಿಟ್ಟು ಅವರ ಹ ತನಕ ನಡೆಯಬೇಕು,
ಇಲಿ ಇ ಇಂದ ಉ ಗೆ ಓಡಿ ಉಂದೀರ ಆಗಬೇಕು.
ಬಾತುಕೋಳಿಯೊಂದು ಬದಕ ಎನಿಸಿಕೊಂಡು
ಬ ದಲ್ಲೇ ಆರಾಮ ಕೂತಿತ್ತು.

ಹ ಗೆ ಹಡಗು ಬೇಕೆಂದ ಶೇಠ. ಫೋಟೋ ಕಳಿಸಿದ,
ಮುಂಬಯಿ ಬಂದರಿನದು, ಮೂರು ಚಿಮಣಿ.
ಸೋನಕ್ಕ ಸಮುದ್ರ ಕಂಡವಳಲ್ಲ,
ಫೋಟೋ ನೋಡಿ ಬರೆದವಳೂ ಅಲ್ಲ.
ಆಡಿನ ಒಂದು ಕಣ್ಣಿಗಾಗಿ ಮೂರು ದಿನ
ಆಡಿನೆದುರು ಕುಕ್ಕುರುಗಾಲಲ್ಲಿ ಕೂತವಳು.

ಅವಳು ಕಳಿಸಿದ್ದು ಹಿತ್ತಾಳೆ ಪರಾತ,
ಅದರಲ್ಲಿ ನೀರು, ನೀರಲ್ಲೊಂದು ಕಾಗದದ ದೋಣಿ.
ಇದು ಹಡಗಲ್ಲ ಎಂದು ಶೇಠ ಮರಳಿಸಿದ
(ಬರುವಾಗಲೂ ಅರ್ಧ ತಿಕೀಟು, ನನ್ನ ಜೇಬಿನದು).
ಜೊತೆಗೊಂದು ಕಾರ್ಡು ಇಟ್ಟು ಮತ್ತೆ ಅದನ್ನೇ ಕಳಿಸಿದಳು:
"ನಾ ಕಂಡ ಹಡಗ ಇದೊಂದ."
ಮೊಳೆ ಜೋಡಿಸುವ ಮುದುಕ, ತೆಲುಗಿನವ,
ಕನ್ನಡಕ ಏರಿಸಿ ಹೇಳಿದನಂತೆ: ಶೇಠಜಿ,
ಹೋಡಿ. ಮರಾಠಿಯಲ್ಲೂ ಹ.
ಇನ್ನೊಂದು ಬ್ಲಾಕಿನ ದುಡ್ಡು ಉಳಿಯಿತು, ದೋಣಿ ಉಳಿಯಿತು.

ಈಗ ನಮಗೆ ಯಂತ್ರ ಬಂದಿದೆ.
ಬಿಸಿ ಚೀಟಿ, ಬೇಸಿಗೆಯೊಳಗೆ ಅಕ್ಷರ ಮಾಯ.
ಶೇಠನ ಮಗ ಮೊಬೈಲಿನಲ್ಲಿ ಹೊಡೆದು ಕಳಿಸಿ ಅನ್ನುತ್ತಾನೆ.
ಸೋನಕ್ಕ ಹೂಂ ಅನ್ನುತ್ತಾಳೆ,
ಮಂಗಳವಾರ ಏಳೂ ಹತ್ತಕ್ಕೆ ಸ್ಟ್ಯಾಂಡಿನಲ್ಲಿರುತ್ತಾಳೆ.

ನಿನ್ನೆ ರಾತ್ರಿ ನನ್ನ ಮಗಳು ಅಂಕಲಿಪಿ ತೆಗೆದು
ಹ ಹಡಗು, ಹ ಹಡಗು ಎನ್ನುತ್ತ ಬೆರಳಿಟ್ಟು ನಿಂತಳು:
ಅಪ್ಪಾ, ಇದಕ್ಕೆ ತೂತು ಬಿದ್ದದ.
ಬಲ್ಬಿನ ಕೆಳಗೆ ಹಿಡಿದೆ.
ದೋಣಿಯ ಹೊಟ್ಟೆಯಲ್ಲಿ, ನೀರಿಗಿಂತ ಕೂದಲಷ್ಟೇ ಮೇಲೆ,
ಎಳ್ಳಿನಷ್ಟು ದುಂಡನೆ ತೂತು.
ಮಡಿಕೆಯಲ್ಲಿ ಅರ್ಧ ಅಳಿಸಿದ ಒಂದು ಅಂಕಿ.

ನನ್ನ ಹಳೆ ಪಂಚು ಅದು.
ಬಲ ಅಂಚು ಚೂರು ಹರಿಯುತ್ತಿತ್ತು,
ಅದನ್ನೂ ಬಿಟ್ಟಿಲ್ಲ.